ಕವಣೆಯ ಬಿಡುವ ತುದಿ

ನಾನು ನಿಂತಿದ್ದುದು ಕೊಣ್ಣೂರಿನ ನಮ್ಮ ಜೋಳದ ಹೊಲದ ಬದುವಿನ ಮೇಲೆ, ಹಕ್ಕಿ ಕಾಯುವ ಅಟ್ಟದಿಂದ ಹನ್ನೊಂದು ಹೆಜ್ಜೆ ದೂರದಲ್ಲಿ. ಆಮೇಲೆ ಎರಡು ಸಲ ಎಣಿಸಿದ್ದೇನೆ. ಬೆಳಗಿನ ಏಳು ಗಂಟೆ; ತೆನೆ ಹಾಲು ತುಂಬುವ ದಿನಗಳು. ಕೈಯಲ್ಲಿ ಶಿವಲಿಂಗಪ್ಪ ಕಾಕಾನ ಚರ್ಮದ ಕವಣೆ.

ಅದರ ಮೇಲೆ ನನಗೆ ಬಹಳ ದಿನಗಳಿಂದ ಕಣ್ಣಿತ್ತು. ಭುಜ ಎತ್ತಲಾಗದ ಕಾಕಾ, "ಈ ಸುಗ್ಗಿ ನೀ ಇದನ್ನ ಚೆಂದಂಗ ಜೋಪಾನ ಮಾಡು. ಮಾಡಿದ್ರ ನಿನಗ, ಇಲ್ಲಾಂದ್ರ ಹುಕ್ಕೇರಿ ಅಳಿಯಗ" ಅಂದಿದ್ದ. ಹಿಂದಿನ ದಿನವೇ ನಾನು ತುದಿಯಿಂದ ತುದಿಗೆ ಔಡಲ ಎಣ್ಣೆ ತಿಕ್ಕಿದ್ದೆ. ನನ್ನ ಹಿಮ್ಮಡಿಗೆ ಎಂದೂ ಅಷ್ಟು ಉಪಚಾರ ಮಾಡಿದವನಲ್ಲ.

ಕವಣೆಗೆ ನಡುವೆ ಕಲ್ಲಿಡುವ ಬಟ್ಟಲು, ಎರಡು ಕಡೆ ಬಾರು. ಒಂದು ಬಾರಿನ ಕುಣಿಕೆ ಬೆರಳಿಗೆ; ಇನ್ನೊಂದರ ತುದಿ ಹಿಡಿದು, ಬೀಸಿ, ಬಿಡುವುದು. ಕೋಟೆಗಳ ಕಾಲದಲ್ಲಿ ಸೈನಿಕರೂ ಇದನ್ನೇ ಬೀಸುತ್ತಿದ್ದರೆಂದು ಮೂಡಲಗಿಯ ಶಾಲೆಯಲ್ಲಿ ಪಾಠ ಹೇಳಿದವನು ನಾನು. ಯಾವ ತುದಿಗೆ ಎಣ್ಣೆ ಹಚ್ಚಬಾರದೆಂದು ಆ ಪಾಠದಲ್ಲಿ ಇರಲಿಲ್ಲ.

ಎರಡನೆಯ ಸುತ್ತಿಗೇ ತುದಿ ಜಾರಿತು. ಕಲ್ಲು ಹಿಂದಕ್ಕೆ ಹಾರಿ, ಅಟ್ಟದ ಮೇಲೆ ಗಂಗವ್ವ ಕಾಕಿ ಬಡಿಯುತ್ತಿದ್ದ ಡಬ್ಬಿಗೆ ಬಡಿಯಿತು. ಅವಳ ಕಿವಿಗೂ ಡಬ್ಬಿಗೂ ಒಂದು ಗೇಣು.

"ಗುಬ್ಬಿ ಆ ಕಡೆ ಅದಾವೋ ಮಾಸ್ತರ! ಈ ಕಡೆ ನಿಮ್ಮ ಕಾಕಿ ಕುಂತಾಳ!" ಎಂದು ಕಾಕಿ ಅಟ್ಟದಿಂದಲೇ ಕೂಗಿದಳು.

ಕಾಕಾ ಬಂದು ಬಾರು ಮೂಸಿ ನೋಡಿದ. "ಬಿಡೋ ತುದಿಗೂ ಎಣ್ಣಿ ಹಚ್ಚೀಯಲ್ಲೋ! ಅದಕ್ಕ ಬೂದಿ ತಿಕ್ಕಬೇಕು."

ಕವಣೆ ಹುಕ್ಕೇರಿಗೆ ಹೋಯಿತೆಂದೇ ತಿಳಿದು ಅದನ್ನು ಮುಂದೆ ಚಾಚಿದೆ. ಅವನು ನನ್ನ ಕೈ ನೋಡಿದ. "ನಡುಗಾಕತ್ತೈತಿ. ಇಂಥಾ ಕೈಯೇ ಮುಂದ ಜೋಪಾನ ಮಾಡತೈತಿ. ಇಟಗೋ."

ಹನ್ನೆರಡು ವರ್ಷವಾಯಿತು. ಕವಣೆ ಮಳೆಯಲ್ಲಿ ತೊಯ್ದರೆ ನೆರಳಲ್ಲಿ ಆರಿಸುತ್ತೇನೆ, ಬಿಸಿಲಿಗೆ ಹಾಕುವುದಿಲ್ಲ. ಮಡಚಿಡದೆ ಗೂಟಕ್ಕೆ ತೂಗುಹಾಕುತ್ತೇನೆ. ಬಟ್ಟಲಿಗೆ ಎಣ್ಣೆ, ಬಿಡುವ ತುದಿಗೆ ಬೂದಿ. ಸುತ್ತಲಿನ ಹೊಲಗಳಲ್ಲೆಲ್ಲ ನೈಲಾನ್ ಹಗ್ಗದ ಕವಣೆ ಬಂದಿದೆ. ನಮ್ಮದು ಇನ್ನೂ ಚರ್ಮದ್ದೇ. ಹುಕ್ಕೇರಿಯ ಅಳಿಯಂದಿರು ಬಂದಾಗಲೆಲ್ಲ ಅದನ್ನು ಬಾಗಿಸಿ, ಬೆಳಕಿಗೆ ಹಿಡಿದು ಬಿರುಕು ಹುಡುಕುತ್ತಾರೆ. ನಾನು ಚಹಾ ತರಿಸಿ, ಸಾವಕಾಶ ಹುಡುಕಿರಿ ಎನ್ನುತ್ತೇನೆ. ಈವರೆಗೆ ಒಂದೂ ಸಿಕ್ಕಿಲ್ಲ.

ಕಾಕಾ ಈಗಿಲ್ಲ. ಅಂದು ಕಂಡವರಲ್ಲಿ ನನ್ನನ್ನು ಬಿಟ್ಟರೆ ಉಳಿದಿರುವವಳು ಗಂಗವ್ವ ಕಾಕಿ ಒಬ್ಬಳೇ. ನಾನು ಒಂದು ಗೇಣು ಎಂದರೆ ಅವಳು ನಾಲ್ಕು ಬೆರಳು ಎನ್ನುತ್ತಾಳೆ. ಆದರೂ ನಾನು ಕವಣೆ ಹಿಡಿದು ಬದುವಿಗೆ ಹೊರಟರೆ, ಅದೇ ತಗ್ಗುಬಿದ್ದ ಡಬ್ಬಿ ಎತ್ತಿಕೊಂಡು ಬಂದು ಸರಿಯಾಗಿ ನನ್ನ ಬೆನ್ನ ಹಿಂದೆಯೇ ಕೂರುತ್ತಾಳೆ.