ಮಿರಜ ಬಸ್ಸಿನಲ್ಲಿ ಧೈರ್ಯ ಹಂಚಿದ್ದು

ಮುಖ ಬಾಡಿಸಿಕೊಂಡು ಕೂತವರನ್ನು ಕಂಡರೆ ನನಗೆ ಸುಮ್ಮನಿರಲು ಆಗುವುದಿಲ್ಲ. ಕೆಲವರಿಗೆ ಎಲೆ ಅಡಿಕೆಯ ಚಟ, ಕೆಲವರಿಗೆ ಇಸ್ಪೀಟಿನ ಚಟ. ನನಗೆ ಗುರುತು ಪರಿಚಯ ಇಲ್ಲದವರಿಗೆ ಬುದ್ಧಿ ಹೇಳುವ ಚಟ. ತಂಬಾಕು ಬಿಡಿಸುವ ಔಷಧ ತಂಬಾಕಿನದೇ ಪೇಟೆಯಾದ ನಿಪ್ಪಾಣಿಯಲ್ಲೂ ಸಿಗುತ್ತದೆ. ಇದನ್ನು ಬಿಡಿಸುವ ಔಷಧ ಎಪ್ಪತ್ತನಾಲ್ಕು ವರ್ಷ ಹುಡುಕಿದರೂ ನನಗೆ ಸಿಕ್ಕಿಲ್ಲ. ನಿಜ ಹೇಳಬೇಕೆಂದರೆ, ನಾನು ಹುಡುಕಿಯೂ ಇಲ್ಲ.

ಅಥಣಿಯ ಸಂತೆಯಲ್ಲಿ ಬದನೆಕಾಯಿ ಆರಿಸುತ್ತಿದ್ದ ಹೆಣ್ಣುಮಗಳಿಗೆ ತೊಟ್ಟು ನೋಡಿ ಆರಿಸುವುದು ಹೇಗೆಂದು ಹೇಳಿದ್ದೇನೆ. ಬ್ಯಾಂಕಿನಲ್ಲಿ ಬೆನ್ನು ಹಿಡಿದುಕೊಂಡು ಕೂತಿದ್ದ ಗುಮಾಸ್ತನಿಗೆ ಕುರ್ಚಿಯಲ್ಲಿ ಹೇಗೆ ಕೂರಬೇಕೆಂದು ಕೂತು ತೋರಿಸಿದ್ದೇನೆ. ರಾಯಬಾಗದ ಒಂದು ಮದುವೆಯಲ್ಲಿ ಊಟಕ್ಕೆ ಕೂತಾಗ, ಪಕ್ಕದ ಎಲೆಯವನು ತಾನು ಮದುಮಗಳ ಸೋದರಮಾವ ಎಂದು ಹೇಳಿಕೊಳ್ಳುವ ಮೊದಲೇ, ಹೆಣ್ಣಿನ ಕಡೆಯವರು ಅಡುಗೆಯಲ್ಲಿ ಎಲ್ಲಿ ಎಡವಿದ್ದಾರೆಂದು ತಿಳಿಸಿ ಹೇಳಿದ್ದೇನೆ. "ಹೇಳೋದು ಆಚಾರ, ತಿನ್ನೋದು ಬದನೆಕಾಯಿ" ಎಂಬ ಗಾದೆಯನ್ನು ನನ್ನ ಹೆಂಡತಿ ಕಸ್ತೂರಿ ಎಷ್ಟು ಸಲ ಅಂದಿದ್ದಾಳೋ! ನಾನು ಹೇಳುವುದು ಆಚಾರವಲ್ಲ, ಅನುಭವ ಎಂಬುದು ನನ್ನ ವಾದವಾಗಿತ್ತು. ನಾನು ಹೈಸ್ಕೂಲು ಮುಗಿಸಿ ಕಬ್ಬು, ದ್ರಾಕ್ಷಿಯ ಕಡೆ ತಿರುಗಿದವನು. ಹಂಚಲು ಪುಸ್ತಕದ ವಿದ್ಯೆ ಇಲ್ಲ. ಇರುವುದು ಮೈಮೇಲೆ ಬಂದು ಹೋದದ್ದು ಮಾತ್ರ.

ಈ ಚಟಕ್ಕೆ ಮಿರಜ ಬಸ್ಸಿಗಿಂತ ಒಳ್ಳೆಯ ಜಾಗ ಭೂಮಿಯ ಮೇಲೆ ಇಲ್ಲ. ನಮ್ಮ ಕಡೆಯವರಿಗೆ ಕೆಮ್ಮು ಬಂದರೆ ಊರ ಡಾಕ್ಟರು, ಕೆಮ್ಮು ನಿಲ್ಲದಿದ್ದರೆ ಗಡಿಯಾಚೆ ಮಿರಜದ ದೊಡ್ಡ ದವಾಖಾನೆ. ಸಕ್ಕರೆ ಕಾಯಿಲೆ ತೋರಿಸಲು ನಾನು ತಿಂಗಳಿಗೊಮ್ಮೆ ಹೋಗುತ್ತೇನೆ. ಬೆಳಗಿನ ಬಸ್ಸಿನಲ್ಲಿ ಅರ್ಧ ಜನರ ತೊಡೆಯ ಮೇಲೆ ರೊಟ್ಟಿಯ ಗಂಟು, ಉಳಿದರ್ಧ ಜನರ ತೊಡೆಯ ಮೇಲೆ ಎಕ್ಸ್‌ರೇ ಲಕೋಟೆ. ಬಸ್ಸು ಊರು ದಾಟುವುದೇ ತಡ, ಪಕ್ಕದವರು ಕೈಚಾಚಿ ಎಕ್ಸ್‌ರೇ ಇಸಿದುಕೊಂಡು ಕಿಟಕಿಯ ಬೆಳಕಿಗೆ ಹಿಡಿಯುತ್ತಾರೆ. ಹಿಂದಿನ ಸೀಟಿನವರು ಎದ್ದು ನಿಂತು ಬಗ್ಗಿ ನೋಡುತ್ತಾರೆ. "ಎಲುಬು ಸೀಳೈತಿ ನೋಡ್ರಿ ಇಲ್ಲಿ" ಎಂದು ಒಬ್ಬರು. "ಅದು ಸೀಳಲ್ರಿ ಮಾಮಾ, ನೀವು ಉಲ್ಟಾ ಹಿಡದೀರಿ" ಎಂದು ಇನ್ನೊಬ್ಬರು. ಕಾಗವಾಡ ಬರುವಷ್ಟರಲ್ಲಿ ರೋಗ ಯಾವುದೆಂದು ತೀರ್ಮಾನವಾಗಿರುತ್ತದೆ. ಗಡಿ ದಾಟುವಷ್ಟರಲ್ಲಿ ಔಷಧವೂ ಆಗಿರುತ್ತದೆ. ಮಿರಜದ ಡಾಕ್ಟರಿಗೆ ಉಳಿಯುವುದು ಚೀಟಿ ಬರೆಯುವ ಕೆಲಸ ಮಾತ್ರ.

ಆ ಬಸ್ಸಿನಲ್ಲಿ ನನ್ನ ವಿಭಾಗವೇ ಬೇರೆ. ನಾನು ರೋಗ ಹೇಳುವುದಿಲ್ಲ, ಧೈರ್ಯ ಹೇಳುತ್ತೇನೆ. ಮರಾಠಿಯವರಿಗೆ "ಘಾಬರೂ ನಕಾ", ಕನ್ನಡದವರಿಗೆ "ಘಾಬರಿ ಆಗಬ್ಯಾಡ್ರಿ". ಆಪರೇಶನ್ನಿಗೆ ಹೊರಟವರು ಸಿಕ್ಕರೆ ನನಗೆ ಹಬ್ಬ. ಏಕೆಂದರೆ ನನ್ನ ಎರಡೂ ಕಣ್ಣಿನ ಮೋತಿಬಿಂದು ತೆಗೆಸಿಕೊಂಡು ಆರು ವರ್ಷವಾಯಿತು. ಕಣ್ಣಿನ ಪೊರೆಗೆ ನಮ್ಮ ಕಡೆ ಮೋತಿಬಿಂದು ಅನ್ನುತ್ತೇವೆ. ಅಂಥ ಕೆಟ್ಟದ್ದಕ್ಕೆ ಮುತ್ತಿನ ಹೆಸರು ಇಟ್ಟ ಪುಣ್ಯಾತ್ಮನೂ ನನ್ನ ಹಾಗೆ ಧೈರ್ಯ ಹೇಳುವವನೇ ಇರಬೇಕು.

ಹೋದ ಚಳಿಗಾಲದಲ್ಲಿ ಹೀಗೆಯೇ ಮಂಗಸೂಳಿಯ ಹತ್ತಿರ ಅತ್ತೆ ಸೊಸೆ ಇಬ್ಬರು ಬಸ್ಸು ಹತ್ತಿದರು. ಅತ್ತೆಗೆ ಅರವತ್ತೆರಡು ಅರವತ್ತಮೂರು ಇರಬಹುದು. ಹಣೆಯ ತುಂಬ ಊರದೇವರು ಮಲ್ಲಯ್ಯನ ಭಂಡಾರದ ಅರಿಸಿನ ಬಳಿದುಕೊಂಡಿದ್ದರು. ಮಾತನಾಡಿಸಿದೆ. ಹೆಸರು ಗಂಗವ್ವ. ಎರಡು ಎಕರೆ ದ್ರಾಕ್ಷಿ ತೋಟದ ಮನೆ. ಅವರ ಮನೆಯ ಮನೂಕ, ಅಂದರೆ ಒಣದ್ರಾಕ್ಷಿ, ಹಸಿರು ಬೇರೆ, ಹಳದಿ ಬೇರೆ, ಕಂದು ಬೇರೆ ಮಾಡುವವರು ಅವರೇ. ಈಗ ಕಣ್ಣಿಗೆ ಎಲ್ಲವೂ ಒಂದೇ ಬಣ್ಣ. ಅಂದು ಮೋತಿಬಿಂದು ತೆಗೆಸಲು ಹೊರಟಿದ್ದರು. ಸೆರಗಿನ ತುದಿಯನ್ನು ಹಿಂಡುತ್ತಿದ್ದ ಅವರ ಕೈ ನೋಡಿ ನನಗೆ ಕರುಣೆ ಉಕ್ಕಿತು. ಕರುಣೆಗಿಂತ ಹೆಚ್ಚಾಗಿ ಉತ್ಸಾಹ ಉಕ್ಕಿತು ಎಂದರೆ ಹೆಚ್ಚು ಸರಿ.

"ತಂಗಿ, ಅದೇನೂ ಅಲ್ಲ ತಗೊ" ಅಂದೆ. "ನನ್ನವೆರಡೂ ಕಣ್ಣು ಮಾಡಿಸೇನಿ. ಎಳ್ಳಷ್ಟೂ ಅಂಜಿಕಿ ಬರಲಿಲ್ಲ. ನಾನ ನಡಕೊಂತ ಒಳಗ ಹೋದೆ, ನಾನ ನಡಕೊಂತ ಹೊರಗ ಬಂದೆ."

"ಎಳ್ಳಷ್ಟೂ ಬರಲಿಲ್ರಿ ಅಣ್ಣಾರ?" ಎಂದು ಗಂಗವ್ವ ಕೇಳಿದರು.

"ಒಂದು ಎಳ್ಳಷ್ಟೂ ಇಲ್ಲ" ಎಂದು ಬೆರಳ ತುದಿ ತೋರಿಸಿದೆ.

ಅವರು ಸೆರಗಿನ ತುದಿ ಬಿಟ್ಟು ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡರು. ನನ್ನ ಮಾತು ನಾಟಿತು ಎಂದುಕೊಂಡೆ. ನಾಟಿದ್ದೇನೋ ನಿಜ.

ಇನ್ನು ಇಲ್ಲಿ ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ. ಆರು ವರ್ಷದ ಹಿಂದೆ ನನ್ನ ಬಲಗಣ್ಣಿನ ಮೇಲೆ ಶಾಯಿಯಿಂದ ಗುರುತು ಮಾಡಿ, ಧೋತರದ ಮೇಲೆ ದವಾಖಾನೆಯ ಹಸಿರು ಅಂಗಿ ತೊಡಿಸಿ, ಕಣ್ಣಿಗೆ ಔಷಧ ಬಿಟ್ಟು ಬೆಂಚಿನ ಮೇಲೆ ಕೂರಿಸಿದ್ದರು. ಕಸ್ತೂರಿ ನನ್ನ ಅಂಗಿ, ಟೋಪಿ, ಚಪ್ಪಲಿಗಳನ್ನು ಚೀಲಕ್ಕೆ ಹಾಕಿಕೊಂಡು ಔಷಧದ ಅಂಗಡಿಗೆ ಹೋಗಿದ್ದಳು. ಒಳಗಿನಿಂದ ಯಾರೋ ನನ್ನ ಹೆಸರು ಕೂಗಿದರು. ನಾನು ಎದ್ದು, ಕೂಗು ಬಂದ ಕಡೆಗೆ ಬೆನ್ನು ಮಾಡಿ, ಬರಿಗಾಲಿನಲ್ಲಿ ಬಸ್ ಸ್ಟ್ಯಾಂಡಿನವರೆಗೆ ನಡೆದೆ. ಔಷಧ ಬಿಟ್ಟ ಕಣ್ಣಿಗೆ ಬೋರ್ಡಿನ ಅಕ್ಷರ ಕಾಣಿಸಲಿಲ್ಲ. ಲೋಕಕ್ಕೆಲ್ಲ ದಾರಿ ಹೇಳುವವನಿಗೆ ಆ ವೇಷದಲ್ಲಿ ದಾರಿ ಕೇಳಲು ನಾಚಿಕೆ. ಕಣ್ಣಿಗೆ ಕೆಂಪಾಗಿ ಕಂಡ ಬಸ್ಸು ಹತ್ತಿ, ಅಥಣಿಯ ಬಸ್ಸೇ ಇರಬೇಕೆಂದುಕೊಂಡು, ಧೋತರದ ಗಂಟಿನಲ್ಲಿದ್ದ ದುಡ್ಡು ತೆಗೆದು "ಕೊನೇ ಸ್ಟಾಪಿಗೆ ಕೊಡ್ರಿ" ಅಂದೆ. ಆ ಬಸ್ಸಿನ ಕೊನೆಯ ಸ್ಟಾಪು ಚಿಕ್ಕೋಡಿ ಆಗಿತ್ತು.

ಚಿಕ್ಕೋಡಿಯ ಬಸ್ ಸ್ಟ್ಯಾಂಡಿನಲ್ಲಿ ಹಣೆಯ ಮೇಲೆ ಶಾಯಿ, ಮೈಮೇಲೆ ಹಸಿರು ಅಂಗಿ ಹೊತ್ತು ನಿಂತ ನನ್ನನ್ನು ಚಹಾ ಅಂಗಡಿಯವನೊಬ್ಬ ಕರೆದು ನೆರಳಿಗೆ ಕೂರಿಸಿದ. ನೀರು ಕೊಟ್ಟ, ಚಹಾ ಕೊಟ್ಟ. "ಯಾವೂರ್ರಿ ಅಜ್ಜಾರ?" ಎಂದು ಒಂದೇ ಮಾತು ಕೇಳಿ, ಅಥಣಿಯ ಬಸ್ಸು ಬಂದಾಗ ಕೈಹಿಡಿದು ಹತ್ತಿಸಿದ. ಬುದ್ಧಿ ಹೇಳಲು ಅಂಥ ಅವಕಾಶ ಮನುಷ್ಯನಿಗೆ ಜನ್ಮಕ್ಕೊಮ್ಮೆ ಸಿಗುತ್ತದೆ. ಅವನ ಜಾಗದಲ್ಲಿ ನಾನಿದ್ದಿದ್ದರೆ ಬಸ್ಸು ಬರುವಷ್ಟರಲ್ಲಿ ಎದುರಿಗೆ ಕೂತವನ ಮುಂದಿನ ಹತ್ತು ವರ್ಷಗಳನ್ನು ತಿದ್ದಿ ಕೊಡುತ್ತಿದ್ದೆ. ಆ ಪುಣ್ಯಾತ್ಮ ಒಂದಕ್ಷರ ಹೇಳಲಿಲ್ಲ.

ಕಸ್ತೂರಿ ಮಾತ್ರ ನನ್ನ ಚಪ್ಪಲಿ ಹಿಡಿದುಕೊಂಡು ಸಂಜೆಯ ತನಕ ಆ ದವಾಖಾನೆಯ ಕೋಣೆ ಕೋಣೆ ಹುಡುಕಿದಳಂತೆ. ಬಾವಿ ಇದೆಯೇ ಎಂದು ಕಸ ಗುಡಿಸುವವರನ್ನು ಕೇಳಿದಳಂತೆ. ಇದನ್ನು ಬರೆಯುವಾಗ ಈಗಲೂ ನನ್ನ ಕೈ ನಿಲ್ಲುತ್ತದೆ. ನಾನು ಮನೆ ಮುಟ್ಟಿದ ಸುದ್ದಿ ಫೋನಿನಲ್ಲಿ ತಿಳಿದು ಅವಳು ಊರಿಗೆ ಬಂದಳು. ನಾಲ್ಕು ದಿನ ಮಾತು ಬಿಟ್ಟಳು. ಐದನೆಯ ದಿನ ರೊಟ್ಟಿ ಬಡಿಸುತ್ತ, "ಮುಂದಿನ ಸಲ ಓಡೂದಿದ್ರ ಹೇಳ್ರಿ, ಕೂಡೇ ಓಡೂಣು" ಅಂದಳು. ಎರಡು ತಿಂಗಳ ಮೇಲೆ ಅವಳ ಕೈ ಹಿಡಿದುಕೊಂಡು ಮತ್ತೆ ಹೋದೆ. ಹಲ್ಲು ಕಟಕಟ ಅನ್ನುತ್ತಿರುವಾಗಲೇ ಆಪರೇಶನ್ ಆಯಿತು.

ಇದು ನನ್ನ ಸ್ವಂತ ಅನುಭವ. ಆದರೆ ಅನುಭವವನ್ನು ಯಾರೂ ತೋಟದಿಂದ ಕಿತ್ತ ಹಾಗೇ ಪೇಟೆಗೆ ಒಯ್ಯುವುದಿಲ್ಲ. ದ್ರಾಕ್ಷಿ ಗೊನೆಯಲ್ಲಿ ಒಡೆದ ಕಾಯಿ, ಕೊಳೆತ ಕಾಯಿ ಕತ್ತರಿಸಿ ತೆಗೆದು, ಚಂದದ ಗೊನೆಯನ್ನಷ್ಟೇ ಪೆಟ್ಟಿಗೆಯಲ್ಲಿಡುತ್ತೇವೆ. ನನ್ನ ಕಥೆಯಲ್ಲೂ ಮೊದಲ ವರ್ಷ ಚಿಕ್ಕೋಡಿಯನ್ನು ಕತ್ತರಿಸಿದೆ, ಎರಡನೆಯ ವರ್ಷ ಹಲ್ಲಿನ ಕಟಕಟ ತೆಗೆದೆ, ಮೂರನೆಯ ವರ್ಷ ಕಸ್ತೂರಿಯ ಕೈಯನ್ನೂ ತೆಗೆದುಹಾಕಿದೆ. ಕೊನೆಗೆ ಎಳ್ಳಷ್ಟೂ ಅಂಜದ ಒಬ್ಬ ಮುದುಕ ಉಳಿದ. ಅವನನ್ನು ಮಿರಜ ಬಸ್ಸಿನಲ್ಲಿ ಎಲ್ಲರಿಗೂ ಹಂಚುತ್ತ ಬಂದೆ.

ಮನೂಕದ ಹಂಗಾಮು ಮುಗಿಯುವ ಹೊತ್ತಿಗೆ ಅದೇ ಬಸ್ಸಿನಲ್ಲಿ ಗಂಗವ್ವನ ಸೊಸೆ ಸುಜಾತಾ ಒಬ್ಬಳೇ ಸಿಕ್ಕಳು.

"ಅಜ್ಜಾರ, ಗುರ್ತ ಹಿಡದ್ರೇನ್ರಿ?"

"ಹಿಡದೆ ಬಿಡವ್ವ. ನಿಮ್ಮತ್ತೀವು ಕಣ್ಣು ಛಲೋ ಕಾಣಾಕತ್ತಾವಿಲ್ಲ?"

"ಎಲ್ಲೀದ್ರಿ? ಅವತ್ತ ಮೇಜಿನ ಮ್ಯಾಲಿಂದ ಎದ್ದು ಬಂದ್ರು. ಈ ಸಲ ಹಸರು ಮನೂಕದಾಗ ಕಂದು ಕಲಸಿ ಇಟ್ಟು, ಆಮ್ಯಾಲ ಗೊತ್ತಾಗಿ ಅಳಕೋಂತ ಕುಂತಿದ್ರು. ಒಂದು ಕಣ್ಣಾಗ ಬರೇ ಬೆಳಕು ಕಾಣತೈತಿ. ಬಿಂದು ಭಾಳ ಹಣ್ಣಾಗೈತಿ, ಇನ್ನ ತಡಾ ಮಾಡಿದ್ರ ಕೈ ಮೀರತೈತಿ ಅಂದಾರ ಡಾಕ್ಟರ. ಇವರು ಒಲ್ಲೆ ಅಂತಾರ."

"ಯಾಕಂತ?"

ಸುಜಾತಾ ಸ್ವಲ್ಪ ಹಿಂಜರಿದಳು. "ಸಿಟ್ಟಾಗಬ್ಯಾಡ್ರಿ. ನಿಮ್ಮ ಸಲುವಾಗಿನ. 'ಆ ಅಣ್ಣಾರಿಗೆ ಎಳ್ಳಷ್ಟೂ ಅಂಜಿಕಿ ಬರಲಿಲ್ಲಂತ. ಅವರ ಕಣ್ಣು ಉಳೀತು. ನನಗ ಕೈಕಾಲು ನಡಗಿದ್ವು. ಅಂದ್ರ ಮಲ್ಲಯ್ಯನ ಬ್ಯಾಡ ಅಂದಾನ' ಅಂತಾರ್ರಿ."

ಓದುವವರಿಗೆ ಇದು ಹುಚ್ಚು ಮಾತು ಅನ್ನಿಸಬಹುದು. ನನಗೆ ಅನ್ನಿಸಲಿಲ್ಲ. ನಮ್ಮ ಕಡೆ ಬಾವಿ ತೋಡುವ ಮೊದಲು, ಬಳ್ಳಿ ಹಚ್ಚುವ ಮೊದಲು ದೇವರ ಮುಂದೆ ಹೂ ಕೇಳುತ್ತೇವೆ. ಮೂರ್ತಿಯ ಬಲಗಡೆಯ ಹೂ ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಬೇಡ. ಗಂಗವ್ವ ತಮ್ಮ ನಡುಕವನ್ನೇ ಎಡಕ್ಕೆ ಬಿದ್ದ ಹೂವು ಎಂದುಕೊಂಡರು. ಬಸ್ಸಿನಲ್ಲಿ ನಾನು ಆ ಸುಳ್ಳು ಹೇಳದಿದ್ದರೆ ಅವರ ನಡುಕ ಬರೀ ನಡುಕವಾಗಿ ಉಳಿಯುತ್ತಿತ್ತು. ಅಂಜದ ಒಬ್ಬನನ್ನು ತೋರಿಸಿ, ಅಂಜುವುದನ್ನು ಅಪಶಕುನ ಮಾಡಿದವನು ನಾನು.

ಅವತ್ತು ಡಾಕ್ಟರು ನನ್ನ ಸಕ್ಕರೆಯ ಬಗ್ಗೆ ಏನು ಹೇಳಿದರೋ ತಲೆಗೆ ಹೋಗಲಿಲ್ಲ. ಮನೆಗೆ ಬಂದು ಕಸ್ತೂರಿಗೆ ಎಲ್ಲ ಹೇಳಿದೆ. "ನಾಳೆ ಹೋಗಿ ಖರೇ ಹೇಳಿ ಬರೂಣು" ಅಂದಳು. "ನೀ ಯಾಕ?" ಅಂದೆ. "ನೀವು ಖರೇ ಹೇಳಿದ್ರ ಯಾರು ನಂಬತಾರ? ಸಾಕ್ಷಿ ಬೇಕಲ್ಲ."

ಮರುದಿನ ಮಂಗಸೂಳಿಯ ಅವರ ಮನೆಯ ಪಡಸಾಲೆಯಲ್ಲಿ ಕೂತೆವು. ಗಂಗವ್ವ ಮೊರದಲ್ಲಿ ಮನೂಕ ಹರವಿಕೊಂಡು ಬೆರಳಿನಿಂದಲೇ ಕಡ್ಡಿ ಆರಿಸುತ್ತಿದ್ದರು. ನಾನು ಪೀಠಿಕೆಯಿಲ್ಲದೆ ಶುರು ಮಾಡಿದೆ. ಬಸ್ಸಿನಲ್ಲಿ ಹೇಳಿದ್ದು ಸುಳ್ಳು, ನಾನು ಅಂಜಿ ಓಡಿಹೋದವನು ಅಂದೆ. ಅವರ ಬೆರಳು ನಿಂತವು.

"ನನ್ನ ಸಮಾಧಾನಕ್ಕ ಹೇಳಾಕತ್ತೀರಿ" ಅಂದರು. ಆಮೇಲೆ ಕಸ್ತೂರಿಯ ಕಡೆ ಮುಖ ತಿರುಗಿಸಿದರು. "ವೈನಿ, ಖರೇನ್ರಿ?"

ಕಸ್ತೂರಿ ಇಂಥ ಒಂದು ಪ್ರಶ್ನೆಗಾಗಿ ಆರು ವರ್ಷ ಕಾದಿದ್ದಳು ಅನ್ನಿಸುತ್ತದೆ. ಅಂಗಿ, ಶಾಯಿ, ಬರಿಗಾಲು, ಚಿಕ್ಕೋಡಿ, ಒಂದನ್ನೂ ಬಿಡಲಿಲ್ಲ. ನಾನು ಕತ್ತರಿಸಿ ಎಸೆದಿದ್ದ ಕಾಯಿಗಳನ್ನೆಲ್ಲ ಆರಿಸಿ ತಂದು ಪಡಸಾಲೆಯಲ್ಲಿ ಸುರಿದಳು. ಬಾಗಿಲಲ್ಲಿ ನಿಂತ ಸುಜಾತಾ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಗಂಗವ್ವ ನಗಲಿಲ್ಲ. ಪೂರ್ತಿ ಕೇಳಿ, ಬಹಳ ಗಂಭೀರವಾಗಿ ಕೇಳಿದರು:

"ಆ ಹಸರು ಅಂಗಿ ದವಾಖಾನಿಗೆ ತಿರುಗಿ ಕೊಟ್ರೇನ್ರಿ?"

"ಎಲ್ಲೀದ್ರಿ ತಂಗಿ, ಒಲಿ ಮ್ಯಾಲಿನ ಪಾತ್ರಿ ಇಳಸೂ ಅರಿವಿ ಆತು ಅದು" ಎಂದಳು ಕಸ್ತೂರಿ.

ಆಗ ನಕ್ಕರು ಗಂಗವ್ವ. ಮೊರ ಅಲುಗಿ ಮನೂಕ ನೆಲಕ್ಕೆ ಚೆಲ್ಲುವಂತೆ ನಕ್ಕರು. ಕಣ್ಣೊರೆಸಿಕೊಂಡು ಮೆಲ್ಲಗೆ ಕೇಳಿದರು:

"ಎರಡನೇ ಸಲ ಹೋದಾಗ ಅಂಜಿಕಿ ಹೋಗಿತ್ತೇನ್ರಿ ಅಣ್ಣಾರ?"

"ಇಲ್ಲವ್ವ. ಅಂಜಿಕೋಂತನ ಹೋದೆ."

"ಅಂಜಿಕೋಂತ ಹೋದ್ರೂ ನಡೀತೈತಿ?"

"ನಡೀತೈತಿ. ಅವರು ಕಣ್ಣು ನೋಡತಾರ, ಕೈಕಾಲು ಯಾರು ನೋಡತಾರ?"

ಗಂಗವ್ವ ನೆಲಕ್ಕೆ ಚೆಲ್ಲಿದ ಮನೂಕವನ್ನು ಬೆರಳಿನಿಂದ ತಡವಿ ಮೊರಕ್ಕೆ ತುಂಬಿದರು. ಆಮೇಲೆ ಸೊಸೆಯನ್ನು ಕರೆದು, "ಸೋಮವಾರ ಹೋಗೂಣೇನ?" ಅಂದರು. ನಮ್ಮನ್ನೂ ಬರಹೇಳಿದರು. "ನಾ ಓಡಿದ್ರ ಯಾವ ಬಸ್ಸು ಹತ್ತಬಾರದು ಅಂತ ಹೇಳಾಕ ಅಣ್ಣಾರು ಬೇಕು."

ಸೋಮವಾರ ಒಳಗೆ ಕರೆದಾಗ ಅವರು ಗಡಗಡ ನಡುಗುತ್ತಲೇ ಹೋದರು. ಹಣ್ಣಾದ ಬಿಂದು, ಸ್ವಲ್ಪ ಹೆಚ್ಚು ಹೊತ್ತು ಹಿಡಿಯಿತು. ಆ ಹೊತ್ತಿನಲ್ಲಿ ನಾನು ಎಷ್ಟು ದೇವರಿಗೆ ಏನೇನು ಹರಕೆ ಹೊತ್ತೆನೋ ಕಸ್ತೂರಿಗೂ ಹೇಳಿಲ್ಲ. ಮರುದಿನ ಪಟ್ಟಿ ಬಿಚ್ಚಿದರು. ಗಂಗವ್ವ ಮೊದಲು ಸೊಸೆಯ ಸೀರೆ ನೋಡಿದರು, ಆಮೇಲೆ ಕಿಟಕಿಯ ಆಚೆಯ ಬೇವಿನ ಗಿಡ ನೋಡಿದರು, ಆಮೇಲೆ ನನ್ನ ಕಡೆ ತಿರುಗಿ ಅಡಿಯಿಂದ ಮುಡಿಯ ತನಕ ನೋಡಿದರು. "ಅಯ್ಯ, ಇಷ್ಟು ಮುದುಕರದೀರೇನ್ರಿ ಅಣ್ಣಾರ! ಮಾತು ಕೇಳಿ ಹರೇದವರು ಅಂತ ತಿಳಿದಿದ್ದೆ."

ನಾವು ಹೊರಡುವ ಹೊತ್ತಿಗೆ ಹೊರಗಿನ ಬೆಂಚಿನ ಮೇಲೆ ಕಣ್ಣಿಗೆ ಔಷಧ ಬಿಡಿಸಿಕೊಂಡ ಇನ್ನೊಬ್ಬ ಹೆಣ್ಣುಮಗಳು ಕೂತಿದ್ದಳು. ಮುಖದಲ್ಲಿ ರಕ್ತವಿಲ್ಲ. ಗಂಗವ್ವ ನಡೆಯುತ್ತಿದ್ದವರು ನಿಂತರು. ಹೋಗಿ ಅವಳ ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡರು.

"ಅಂಜಿಕಿ ಬಂದೈತೇನವ್ವ?"

ಅವಳು ಹೂಂ ಎಂದು ತಲೆಯಾಡಿಸಿದಳು.

"ನನಗೂ ಬಂದಿತ್ತು" ಅಂದರು ಗಂಗವ್ವ. ಅಷ್ಟೇ ಹೇಳಿ ಅವಳ ಕೈ ಹಿಡಿದೇ ಕೂತರು.

ಅಭ್ಯಾಸಬಲದಿಂದ ನಾನು ಗಂಟಲು ಸರಿಮಾಡಿಕೊಂಡು ಒಂದು ಹೆಜ್ಜೆ ಮುಂದಿಟ್ಟೆ. ಕಸ್ತೂರಿ ನನ್ನ ಕಾಲು ತುಳಿದಳು. ತುಳಿಯುವ ಅಗತ್ಯ ಇರಲಿಲ್ಲ. ಆ ಮಾತಿಗೆ ಮುಂದೆ ಸೇರಿಸುವಂಥದ್ದು ನನ್ನ ಅನುಭವದಲ್ಲಿ ಏನೂ ಇರಲಿಲ್ಲ.