ನೀರಗಂಟಿ ಹುಚ್ಚೀರಪ್ಪ ಕಂಡ ಕರೆಂಟು

ಗಂಗಾವತಿಯ ಕಡೆ ನೀರಗಂಟಿ ಎಂದರೆ ಕಾಲುವೆಯ ನೀರನ್ನು ಪಾಳಿಯಂತೆ ಗದ್ದೆಗಳಿಗೆ ಹಂಚುವವನು. ಹೆಗಲ ಮೇಲೊಂದು ಸಲಿಕೆ, ಸುಗ್ಗಿಯಲ್ಲಿ ಗದ್ದೆಗಿಷ್ಟು ಭತ್ತ, ವರ್ಷವಿಡೀ ಊರವರ ಬೈಗುಳ; ಇಷ್ಟೇ ಅವನ ಸಂಪಾದನೆ. ಹುಚ್ಚೀರಪ್ಪ ಹದಿನೈದು ವರ್ಷ ಈ ಕೆಲಸ ಮಾಡಿದ್ದ. ಅವನ ಬಾಯಿಗೆ ಊರೇ ಹೆದರುತ್ತಿತ್ತು. ಅವನು ಮಾತ್ರ ಅಕ್ಕಿ ಗಿರಣಿಯ ಸಾಹುಕಾರ ಕೊಟ್ರಬಸಪ್ಪನಿಗೆ ಹೆದರುತ್ತಿದ್ದ.

ಸಾಹುಕಾರರ ಗದ್ದೆ ಕಾಲುವೆಯ ತಲೆಯಲ್ಲಿತ್ತು. ಒಬ್ಬರಿಗೆ ಒಂದೇ ತೂಬು ಎಂಬ ಕಟ್ಟಳೆ ಊರಿಗೆ. ಅವರಿಗೆ ಮೂರು, ಮೂರೂ ಸದಾ ತೆರೆದೇ ಇರುತ್ತಿದ್ದವು. ಕಾಲುವೆಯ ಕಟ್ಟಕಡೆಗೆ ಹುಚ್ಚೀರಪ್ಪನ ವಿಧವೆ ತಂಗಿ ಹೊಳಿಯಮ್ಮನ ಅರ್ಧ ಎಕರೆ. ಸಾವಿರದ ಒಂಬೈನೂರ ನಲವತ್ತೆರಡರಲ್ಲಿ ಅವಳ ನಾಟಿ ನೀರಿಲ್ಲದೆ ಹಳದಿಗಟ್ಟಿತು.

“ಊರಿಗೆಲ್ಲ ನೀರು ಹಂಚ್ತಿ. ಒಡಹುಟ್ಟಿದಾಕಿ ಸಸಿ ಸಾಯೂದು ಕಾಣೂದಿಲ್ಲೇನಣ್ಣಾ?” ಎಂದಳು.

ಆ ಮಾತು ಅವನ ಕರುಳಿಗೆ ತಾಗಿತು. ಎರಡು ತೂಬಾದರೂ ಮುಚ್ಚಿಸೋಣವೆಂದು ಸಂಜೆ ಸಾಹುಕಾರರ ಮನೆಗೆ ಹೋದ.

ಅಲ್ಲಿ ಬೇರೆಯೇ ರಾದ್ಧಾಂತ. ಸಾಹುಕಾರರು ಗಿರಣಿಯ ಎಂಜಿನ್ನಿಗೆ ಡೈನಮೋ ಕೂಡಿಸಿದ್ದರು. ಕಣ್ಣು ಮಂಜಾದ ತಾಯಿ ಕಳಕಮ್ಮನ ಪಡಸಾಲೆಯಲ್ಲಿ ದೀಪ ಹತ್ತಬೇಕೆಂಬುದು ಅವರ ಆಸೆ. ಯುದ್ಧದ ದಿನಗಳು, ತಾಮ್ರದ ತಂತಿ ಸಿಗಲಿಲ್ಲ. ಬೇಲಿಗೆಂದು ತಂದಿದ್ದ ಸಣ್ಣ ಕಬ್ಬಿಣದ ತಂತಿಯನ್ನೇ, ಬೇಲಿ ಬಿಗಿದಂತೆಯೇ ಗಂಟು ಹಾಕಿಸಿ, ಮನೆಯವರೆಗೆ ಎಳೆಸಿದ್ದರು. ದೊಡ್ಡಸ್ತಿಕೆ ಬಿಡಬೇಕಲ್ಲ! ದಾರಿಯಲ್ಲಿ ಉಗ್ರಾಣ, ಕಣ, ದನದ ಕೊಟ್ಟಿಗೆಗೂ ಸೇರಿ ಎಂಟು ಬಲ್ಬು. ಏಳು ಉರಿಯುತ್ತಿದ್ದವು. ಕಡೆಯದಾದ ಪಡಸಾಲೆಯ ಬಲ್ಬು ಮಾತ್ರ ಬೀಡಿಯ ತುದಿಯಷ್ಟು ಕೆಂಪಗಿತ್ತು.

“ಎಂಜಿನ್ ಜೋರು ಬಿಡು!” ಎಂದು ಸಾಹುಕಾರರು ಮಿಸ್ತ್ರಿ ಟಿಪ್ಪುಸಾಬನ ಮೇಲೆ ಹರಿಹಾಯುತ್ತಿದ್ದರು.

“ಜೋರು ಬಿಟ್ರ ಹತ್ತಿರದ ಬಲ್ಬು ಸುಟ್ಟು ಹೋಗ್ತಾವ್ರಿ. ತಂತಿ ಕರೆಂಟನ್ನ ತಡೀತೈತ್ರಿ.”

“ತಡಿಯಾಕ ಅದೇನು ಸುಂಕದ ನಾಕಾ ಜವಾನನಾ?”

ಹುಚ್ಚೀರಪ್ಪ ತಂತಿಯನ್ನು ಆ ತುದಿಯಿಂದ ಈ ತುದಿಯವರೆಗೆ ದಿಟ್ಟಿಸಿದ. ಬಂದ ಕೆಲಸವನ್ನೇ ಮರೆತ.

“ಇದು ಕಾಲಿವೀನ ಬಿಡ್ರಿ,” ಎಂದ. “ಉದ್ದ ಭಾಳ, ಮೈ ಸಣ್ಣದು. ತಾಮ್ರ ಅಂದ್ರ ಗಚ್ಚಿನ ಕಾಲಿವಿ, ನೀರು ಜಾರಿಕೊಂಡು ಹೋಗ್ತೈತಿ. ಕಬ್ಬಿಣದಾಗ ಜೊಂಡು ಬೆಳದಂಗ. ಈ ತುಕ್ಕಿನ ಗಂಟು ಒಂದೊಂದೂ ಹೂಳು. ತಲಿಯಾಗ ನೀರು ಜಾಸ್ತಿ ಬಿಟ್ರ ತಲೀ ಒಡ್ಡು ಒಡೀತೈತಿ ಹೊರತು ಕಡೀಗೆ ಮುಟ್ಟೂದಿಲ್ಲ.”

ಟಿಪ್ಪುಸಾಬ ಬೆರಗಾಗಿ ನೋಡಿದ. “ಹೌದೋ ಮಾರಾಯಾ! ಮತ್ತೇನು ಮಾಡೂದು?”

“ಇದರ ಮಗ್ಗಲಕ್ಕ ಇನ್ನೊಂದು ತಂತಿ ಎಳಿ, ಕಾಲಿವಿ ಅಗಲ ಆಗ್ತೈತಿ. ಈಗಿಂದೀಗ ಬೇಕಂದ್ರ ದಾರ‍್ಯಾಗಿನ ತೂಬು ಮುಚ್ಚು.”

ಟಿಪ್ಪುಸಾಬ ಓಡಿಹೋಗಿ ದಾರಿಯ ಬಲ್ಬುಗಳನ್ನು ಒಂದೊಂದಾಗಿ ಆರಿಸಿದ. ಒಂದೊಂದು ಆರಿದಂತೆ ಪಡಸಾಲೆಯ ಬಲ್ಬು ಹಳದಿಗೆ ತಿರುಗಿ, ಕಡೆಗೆ ಕಳಕಮ್ಮನಿಗೆ ಮಗನ ಮುಖ ಕಾಣುವಷ್ಟು ಬೆಳಕಾಯಿತು.

“ಕೊಟ್ರಾ, ಎಷ್ಟು ಸೊರಗೀಯೋ,” ಎಂದು ಆಕೆ ಅವನ ಗಲ್ಲ ಸವರಿದಳು.

ಸಾಹುಕಾರರ ಕಣ್ಣು ತುಂಬಿತು. “ಏನು ಬೇಕೋ ಕೇಳು, ಹುಚ್ಚೀರಪ್ಪಾ.”

ಹುಚ್ಚೀರಪ್ಪನಿಗೆ ಹಳೆಯ ಹೆದರಿಕೆ ಮರುಕಳಿಸಿತು. ಆದರೂ ನಾಲಿಗೆ ತಡೆಯಲಿಲ್ಲ. “ಕಡೀ ಮನಿಗೆ ಬೆಳಕು ಯಾಕ ಬರಲಿಲ್ಲಂತ ನೋಡಿದ್ರಲ್ಲಾ ಸಾವ್ಕಾರ್ರ. ನನ್ನ ತಂಗಿ ಹೊಲ ಕಡೀದ್ರಿ. ತಲಿಯಾಗ ನಿಮ್ಮವು ಮೂರು ತೂಬು.”

ಸಾಹುಕಾರರ ಮುಖ ಗಂಟಾಯಿತು. ಕಳಕಮ್ಮ ಮಗನ ಗಲ್ಲದಿಂದ ಕೈ ತೆಗೆದಳು. ಅದು ಸಾಕಾಯಿತು.

“ಹೋಗು, ಎರಡು ಮುಚ್ಚು,” ಎಂದರು.

“ನಾ ಮುಚ್ಚಿದ್ರ ನಾಳೆ ನಿಮ್ಮ ಆಳು ತೆಗೀತಾನ್ರಿ. ನೀವ ಬಂದು ಮುಚ್ಚಬೇಕು.”

ಮುಂದೆ ಟಿಪ್ಪುಸಾಬ ಗಂಟುಗಳ ತುಕ್ಕು ಕೆರೆದು ಎರಡನೆಯ ತಂತಿ ಎಳೆದ, ಎಂಟು ಬಲ್ಬೂ ಉರಿದವು. ಅದು ವಾರದ ನಂತರದ ಮಾತು. ಮರುದಿನ ಬೆಳಿಗ್ಗೆ ಮಾತ್ರ ಊರು ಹಿಂದೆಂದೂ ಕಾಣದ್ದನ್ನು ಕಂಡಿತು: ಸಾಹುಕಾರರು ಕಚ್ಚೆ ಬಿಗಿದು ಕೆಸರಿಗಿಳಿದು ತಮ್ಮ ಕೈಯಾರೆ ಎರಡು ತೂಬಿಗೆ ಮಣ್ಣು ತುಂಬಿದರು.

ನೀರು ಕಡೆಯ ಗದ್ದೆ ಮುಟ್ಟಿದಾಗ ಹೊತ್ತು ಇಳಿದಿತ್ತು. ಹೊಳಿಯಮ್ಮ ಮೊಣಕಾಲುದ್ದ ಸೀರೆ ಎತ್ತಿಕೊಂಡು ಸಸಿಗಳ ನಡುವೆ ನಿಂತಿದ್ದಳು. ಹುಚ್ಚೀರಪ್ಪ ಹತ್ತಿರ ಹೋಗಲಿಲ್ಲ. ಇಷ್ಟು ಕೇಳುವುದಕ್ಕೆ ಹದಿನೈದು ವರ್ಷ ಬೇಕಾಯಿತಲ್ಲ ಎಂದು ನಾಚಿಕೆಯಾಗಿ, ಒಡ್ಡಿನ ಮೇಲೆ ಕೂತು ಅತ್ತ.