ಜೋಗದ ಐದನೇ ಮನೆ

ನಮ್ಮ ಚಾಳಿನ ನಲ್ಲಿಗೆ ನೀರೇ ಬರುತ್ತಿರಲಿಲ್ಲ, ಆದರೆ ಮುಂಬಯಿಗೆ ದೊಡ್ಡ ಆಟಗಳು ಬರುತ್ತವೆ ಎಂದರು. ಹೊರದೇಶದ ಸಾಹೇಬರು ಬಂದು ಊರು ನೋಡಿ ಒಪ್ಪಿದರೆ ಸಾಕು, ಜಗತ್ತಿನ ಓಟಗಾರರೆಲ್ಲ ಇಲ್ಲಿಗೇ ಓಡಿ ಬರುತ್ತಾರಂತೆ. ಎಪ್ಪತ್ತರ ದಶಕದ ಮೊದಲ ವರ್ಷಗಳವು. ನಾನಾಗ ಹದಿನೇಳರ ಹುಡುಗಿ, ದಾದರಿನ ಖೋಲಿಯಿಂದ ದಿನಾ ಲೋಕಲ್ ಹತ್ತಿ ಜೋಗೇಶ್ವರಿಯ ಬಾಚಣಿಕೆ ಕಾರ್ಖಾನೆಗೆ ಹೋಗುತ್ತಿದ್ದೆ. ವಿಜಾಪುರದ ಕಡೆಯಿಂದ ಬಂದ ಅಪ್ಪ, ಅವ್ವ ಆ ಆಟಗಳಿಗೆಂದೇ ಏಳುತ್ತಿದ್ದ ಮೈದಾನದ ಗ್ಯಾಲರಿಯಲ್ಲಿ ದುಡಿಯುತ್ತಿದ್ದರು. ಅಪ್ಪ ಗಾರೆ ಮೆತ್ತುವವ, ಅವ್ವ ಗಾರೆ ಹೊರುವವಳು.

ಊರಿನ ಕಾರಭಾರಿಗಳ ಬುದ್ಧಿವಂತಿಕೆ ಏನು ಹೇಳಲಿ! ಕಾರಿನ ಕಿಟಕಿಯಿಂದ ಎಷ್ಟು ಕಾಣುತ್ತದೋ ಅಷ್ಟೇ ಗೋಡೆಗೆ ಸುಣ್ಣ. ನಮ್ಮ ಚಾಳಿನ ರಸ್ತೆ ಕಡೆಯ ಗೋಡೆ ಬೆಳ್ಳಗಾಯಿತು, ಹಿಂದಿನ ಗಟಾರ ಹಾಗೇ ಉಕ್ಕುತ್ತಿತ್ತು. ಗ್ಯಾಲರಿಯಲ್ಲೂ ಅದೇ ಕಥೆ. ಮಳೆಯಲ್ಲಿ ನೆನೆದು ಕೊಳೆತ ಬಿದಿರನ್ನೇ ಕಟ್ಟಿ ಅದರ ಮೇಲೆ ಜನರನ್ನು ಹತ್ತಿಸಿದರು. ಒಂದು ದಿನ ಬಿದಿರಿನ ಜೊತೆ ಅಪ್ಪನೂ ಕೆಳಗೆ ಬಿದ್ದ. ಕಾಲಿನ ಎಲುಬು ಎರಡು ಕಡೆ ಮುರಿದಿತ್ತು, ಮತ್ತೆ ನಡೆಯುವುದು ಅನುಮಾನ ಎಂದರು ಡಾಕ್ಟರು. ಗುತ್ತಿಗೆದಾರ ಆಸ್ಪತ್ರೆಗೆ ಬಾಳೆಹಣ್ಣು ಕಳಿಸಿ ಕೈ ತೊಳೆದುಕೊಂಡ.

ಅಪ್ಪ ಎದ್ದು ನಡೆದರೆ ಐದು ಮನೆ ಜೋಗ ಬೇಡುತ್ತೇನೆ ಎಂದು ಅವ್ವ ಎಲ್ಲಮ್ಮನಿಗೆ ಹರಕೆ ಹೊತ್ತಳು. ಜೋಗ ಬೇಡುವುದು ಹೊಟ್ಟೆಪಾಡಿನ ಭಿಕ್ಷೆಯಲ್ಲ. ಹರಕೆ ಹೊತ್ತ ಹೆಂಗಸು, ಮನೆಯಲ್ಲಿ ಚೀಲ ಚೀಲ ಜೋಳವಿದ್ದರೂ, ಹಣೆ ತುಂಬ ದೇವಿಯ ಭಂಡಾರದ ಅರಿಸಿನ ಬಳಿದುಕೊಂಡು ಬರಿಗಾಲಲ್ಲಿ ಐದು ಮನೆಯ ಬಾಗಿಲಿಗೆ ಹೋಗಿ ದೇವಿಯ ಹೆಸರಿನಲ್ಲಿ ಕಾಳು ಕೇಳಬೇಕು. ಅದನ್ನು ಬೇಯಿಸಿ, ಎಡೆಯಿಟ್ಟು, ಮನೆಮಂದಿ ಉಣ್ಣಬೇಕು. ಹೆಪ್ಪಿಗೆ ಮಜ್ಜಿಗೆ ಕೇಳುವುದಕ್ಕೂ ನಾಚುತ್ತಿದ್ದ ನಮ್ಮವ್ವನಿಗೆ ಇದು ಸಣ್ಣ ಹರಕೆಯಾಗಿರಲಿಲ್ಲ.

ಅಪ್ಪ ಎದ್ದ. ಕುಂಟುತ್ತಲೇ ಕೆಲಸಕ್ಕೂ ಹೋದ. ಅವ್ವ ಒಂದು ಮಂಗಳವಾರ ಬುಟ್ಟಿ ಹಿಡಿದು ಹೊರಟಳು, ನಾನು ರಜೆ ಹಾಕಿ ಜೊತೆಗೆ ಹೋದೆ. ಸಾಹೇಬರ ಕಾರುಗಳು ಬರುವುದೂ ಅದೇ ಮಂಗಳವಾರ ಎಂದು ನಮಗೇನು ಗೊತ್ತು? ನಾಲ್ಕು ಮನೆ ಮುಗಿಸಿ ದೊಡ್ಡ ರಸ್ತೆ ದಾಟುವಾಗ ಭಿಕ್ಷುಕರನ್ನು ಹಿಡಿಯುವ ಗಾಡಿ ನಮ್ಮ ಮುಂದೆ ನಿಂತಿತು. ನನ್ನ ಕಾಲಲ್ಲಿ ಚಪ್ಪಲಿಯಿತ್ತು, ನನ್ನನ್ನು ಬಿಟ್ಟರು. ಇಳಿದು ಬಂದ ಮರಾಠಿ ಪೊಲೀಸಿನವನು ಬುಟ್ಟಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. ತನ್ನ ಹೆಂಡತಿಯೂ ಜೋಗ ಬೇಡುತ್ತಾಳೆ ಎಂದ. ನನಗೆ ಹೋದ ಜೀವ ಬಂದಂತಾಯಿತು. ಆಮೇಲೆ ಅವನೇ, ಸಾಹೇಬರು ಬರುವುದರೊಳಗೆ ಗಾಡಿ ತುಂಬಬೇಕಂತೆ ಎಂದು ಹೇಳಿ, ಅವ್ವನ ತೋಳು ಹಿಡಿದು ಹತ್ತಿಸಿದ. ಏನೂ ತಿಳಿಯದ ಒರಟನಾಗಿದ್ದರೆ ಬೈದು ಮರೆತುಬಿಡುತ್ತಿದ್ದೆ. ಇವನಿಗೆ ಎಲ್ಲ ತಿಳಿದಿತ್ತು, ಅದಕ್ಕೇ ಇವತ್ತಿಗೂ ಅವನ ಮೇಲಿನ ಸಿಟ್ಟು ಇಳಿದಿಲ್ಲ.

ಆವತ್ತು ಸಿಕ್ಕವರಲ್ಲಿ ಪುಣ್ಯವಂತರನ್ನು ಊರ ಗಡಿಯ ಮುಲುಂಡಿನ ಆಚೆ ಇಳಿಸಿ ಬಂದರು, ಅವರು ನಡೆದುಕೊಂಡು ವಾಪಸಾದರು. ಅವ್ವನ ಗಾಡಿ ಕೋರ್ಟಿಗೆ ಹೋಯಿತು. ಗ್ಯಾಲರಿ ಕೆಲಸ ತಪ್ಪಿಸಿದರೆ ತೆಗೆದುಹಾಕುತ್ತಾರೆಂದು ಅಪ್ಪ ಬರಲಿಲ್ಲ. ನನ್ನ ಜೊತೆ ಬಂದವರು ಪಕ್ಕದ ಖೋಲಿಯ ಉಡುಪಿಯವರು, ಹೋಟೆಲಿನಲ್ಲಿ ಗಲ್ಲಾ ನೋಡಿಕೊಳ್ಳುವವರು. ಕಾನೂನು ಬಲ್ಲವರನ್ನು ವಿಚಾರಿಸಿಯೇ ಬಂದಿದ್ದರು. ಬಾಗಿಲಲ್ಲಿ ಅವ್ವನನ್ನು ಕಂಡಾಗ, "ಬೇಡಲಿಲ್ಲ ಅಂತ ಹೇಳಿಬಿಡಿ ಅಕ್ಕ, ಒಂದೇ ಮಾತು, ಬಿಟ್ಟುಬಿಡ್ತಾರೆ" ಎಂದರು.

ಮ್ಯಾಜಿಸ್ಟ್ರೇಟರು ಹಿಂದಿಯಲ್ಲಿ, ಬೇಡಿದೆಯಾ ಎಂದು ಕೇಳಿದರು. ಇಲ್ಲವೆಂದರೆ ದೇವಿಯ ಮುಂದೆ ನಾಲ್ಕು ಮನೆಯ ಜೋಗವೂ ಸುಳ್ಳಾಗುತ್ತದೆ, ಸುಳ್ಳಾದರೆ ಗಂಡನ ಕಾಲು ಹೋಗುತ್ತದೆ. ಅವ್ವನ ಲೆಕ್ಕ ಅದು.

"ಹೌದ್ರಿ, ಬೇಡೀನಿ" ಎಂದಳು.

ಒಂದು ವರ್ಷ ಭಿಕ್ಷುಕರ ಆಶ್ರಮ ಎಂದಾಯಿತು.

ಸಾಹೇಬರು ನೋಡಿದರು, ಉಂಡರು, ಹೋದರು. ಆಟಗಳನ್ನು ಬೇರೆ ಯಾವುದೋ ಊರಿಗೆ ಕೊಟ್ಟರಂತೆ. ಗ್ಯಾಲರಿ ಅರ್ಧಕ್ಕೆ ನಿಂತು, ಅದರ ನೆರಳಲ್ಲಿ ತಬೇಲದ ಎಮ್ಮೆಗಳು ಮಲಗತೊಡಗಿದವು. ಅಪ್ಪನ ಕೆಲಸವೂ ಹೋಯಿತು. ಭಿಕ್ಷುಕಿಯ ಗಂಡ ಎಂದು ಚಾಳಿನಲ್ಲಿ ಆಡಿಕೊಂಡರು. ಅವನು ಒಮ್ಮೆಯೂ ಅವ್ವನನ್ನು ನೋಡಲು ಹೋಗಲಿಲ್ಲ. ನಾನು ಹೋದಾಗಲೆಲ್ಲ ಅವಳು ಕೇಳುತ್ತಿದ್ದುದು ಒಂದೇ, ನಿಮ್ಮಪ್ಪ ಕಾಲು ಊರಿ ನಡೆಯುತ್ತಾನೋ ಇಲ್ಲವೋ ಎಂದು.

ವರ್ಷ ಕಳೆದು ಅವ್ವ ಬಂದಾಗ ಅವಳ ಕೂದಲು ಕತ್ತರಿಸಿದ್ದರು. ಬುಟ್ಟಿಯನ್ನು ಅಲ್ಲಿಯವರು ಎಂದೋ ಎಸೆದಿದ್ದರು. ಅವಳು ಹೊಸ್ತಿಲು ದಾಟಲಿಲ್ಲ. ನಮ್ಮದೇ ಬಾಗಿಲಲ್ಲಿ ನಿಂತು ಸೆರಗು ಒಡ್ಡಿದಳು.

"ಒಂದ ಮನಿ ಉಳದೈತಿ" ಎಂದಳು.

ನಾನು ಜೋಳದ ಡಬ್ಬಿಗೆ ಕೈ ಹಾಕಿದೆ. ಅಷ್ಟರಲ್ಲಿ ಅಪ್ಪ ಎದ್ದು ಬಂದು ನನಗೆ ಅಡ್ಡ ನಿಂತ. ಗೋಡೆ ಹಿಡಿಯದೆ, ಎರಡೂ ಕಾಲಿನ ಮೇಲೆ ನೆಟ್ಟಗೆ ನಿಂತ.

"ಮುಂದಿನ ಮನಿಗೆ ಹೋಗವಾ" ಎಂದ, ದಿನಾ ಬರುವ ಭಿಕ್ಷುಕರಿಗೆ ಹೇಳುವ ಹಾಗೆ.

ಅವ್ವ ಹೋದಳು. ಉಡುಪಿಯವರ ಹೆಂಡತಿ ಏನೂ ಕೇಳದೆ ಸೆರಗಿಗೆ ಕುಚಲಕ್ಕಿ ಸುರಿದರು. ಅವ್ವ ಒಳಗೆ ಬಂದು, ಮೈ ತೊಳೆದು, ಒಲೆ ಹಚ್ಚಿ ಅನ್ನಕ್ಕಿಟ್ಟಳು, ಎಡೆ ಹಿಡಿದಳು. ಕುಚಲಕ್ಕಿ ಎಂದರೆ ಮೂಗು ಮುರಿಯುತ್ತಿದ್ದ ಅಪ್ಪ ಎರಡು ಸಲ ಬಡಿಸಿಕೊಂಡು ಉಂಡ. ಅವ್ವ ಅವನು ಮಡಚಿ ಕೂತ ಕಾಲನ್ನೇ ನೋಡುತ್ತ, ಹರಕೆ ತೀರಿತು ಎಂದಳು.